ನಾಗಲಕ್ಷ್ಮಿ ಅಕ್ಕನ ಬಿಎಂಡಬ್ಲ್ಯು ಚಿಕ್ಕಬಾಣಾವರಕ್ಕೆ ಹೋದದ್ದು

ನಮ್ಮ ಮನೆಯ ಹಳೇ ಬಿಎಂಡಬ್ಲ್ಯು ಹಿಂದಿನ ಮೂರು ಆಯುಧಪೂಜೆಗಳಲ್ಲೂ ತಳ್ಳಿಸಿಕೊಂಡೇ ನಿಂಬೆಹಣ್ಣು ತುಳಿದಿತ್ತು. ಮಿಕ್ಕ ಗಾಡಿಗಳೆಲ್ಲ ಅರಿಸಿನ ಕುಂಕುಮ ಹಚ್ಚಿಸಿಕೊಂಡು, ಕೀ ತಿರುಗಿಸಿದ ಕೂಡಲೇ ಗುರ್ರೆಂದು ಮುಂದೆ ಹೋಗಿ ಚಕ್ರದಡಿಯ ಹಣ್ಣುಗಳನ್ನು ಪಚಕ್ಕೆನಿಸುತ್ತಿದ್ದವು. ಇದೊಂದಕ್ಕೆ ಮಾತ್ರ ಬಾಡಿಗೆಯವರು, ಹಾಲಿನವನು, ಪಂಚೆ ಎತ್ತಿಕಟ್ಟಿದ ನಮ್ಮ ಮನೆಯ ಗಂಡಸರು, ಎಲ್ಲರೂ ಹಿಂದಿನಿಂದ ಹೆಗಲು ಕೊಡಬೇಕಿತ್ತು. ಒಳಗೆ ಸ್ಟೀರಿಂಗ್ ಹಿಡಿದು ಕೂತ ನಾಗಲಕ್ಷ್ಮಿ ಅಕ್ಕ ಗತ್ತಿನಿಂದ ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಳು. ನನಗೋ ನಾಚಿಕೆ. ಅಡುಗೆಮನೆಗೆ ಹೋಗಿ, ಕಲಕಬೇಕಾಗಿಲ್ಲದ ಪಾಯಸವನ್ನು ಕಲಕುತ್ತಿದ್ದೆ.

ನಾಗಲಕ್ಷ್ಮಿ ನನ್ನ ವಾರಗಿತ್ತಿ. ಅವಳ ಗಂಡ ಅನಂತರಾಜು ನನಗೆ ಭಾವ, ನನ್ನ ಗಂಡನ ಸ್ವಂತ ಅಣ್ಣ. ತಣಿಸಂದ್ರದಲ್ಲಿ ನಮ್ಮ ಮಾವನವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಭಾವ ಅಪಾರ್ಟ್‌ಮೆಂಟ್ ಕಟ್ಟಿಸುತ್ತಾರೆ. ನಾವು ಮಾತ್ರ ಇನ್ನೂ ಒಂದೇ ಕಾಂಪೌಂಡಿನಲ್ಲಿದ್ದೇವೆ, ನಮ್ಮೆಲ್ಲರ ತಲೆಯ ಮೇಲೆ ಅತ್ತೆ ಕೃಷ್ಣಮ್ಮ ಇದ್ದಾರೆ.

ಮೊದಲ ಕಟ್ಟಡ ಎದ್ದಾಗ ಭಾವ ಆ ಕಾರನ್ನು ಯಾರಿಂದಲೋ ಕೊಂಡು ತಂದಿದ್ದರು. ಆಗಲೇ ಅದು ಹಳೆಯದು. ಕೆಲವು ವರ್ಷ ಅದರಲ್ಲಿ ಮೆರೆದು, ಅದು ಕೆಮ್ಮಲು ಶುರುಮಾಡಿದ ಮೇಲೆ ದೊಡ್ಡ ಬಿಳಿ ಗಾಡಿಯೊಂದನ್ನು ತಂದು, ಇದನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿಬಿಟ್ಟರು. ಒಂದು ದಿನ ಮನೆಗೆ ಬಂದ ನೆಂಟರು, "ಇದನ್ನೇನ್ ಮಾಡ್ತೀರಾ?" ಅಂತ ಕೇಳಿದರು. ಭಾವ ನಕ್ಕು, "ನಮ್ಮ ನಾಗೂಗೆ ಕೊಟ್ಬಿಟ್ಟಿದ್ದೀನಿ. ಒಳಗೆ ಕೂತ್ಕೊಂಡು ಸೊಪ್ಪು ಬಿಡಿಸ್ಲಿ" ಅಂದರು. ಎಲ್ಲರೂ ನಕ್ಕರು. ಕಾಫಿ ತಂದಿದ್ದ ಅಕ್ಕ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು ಕೈ ಚಾಚಿದಳು.

"ಕೊಟ್ಟಿದ್ದು ನಿಜ ತಾನೇ? ಹಂಗಾದ್ರೆ ಕೀ ಕೊಡಿ."

ನೆಂಟರ ಎದುರು ಮಾತು ನುಂಗುವುದಕ್ಕಾಗುತ್ತದೆಯೇ? ಭಾವ ಎದ್ದು ಹೋಗಿ ಕೀ ತಂದುಕೊಟ್ಟರು. ಅದೇ ತಿಂಗಳು ಅಕ್ಕ ಬೆನ್ನು ಬಿಡದೆ ಗಾಡಿಯನ್ನು ತನ್ನ ಹೆಸರಿಗೂ ಮಾಡಿಸಿಕೊಂಡಳು.

ಅವಳಿಗೆ ಈ ಹಠ ಎಲ್ಲಿಂದ ಬಂತು ಅನ್ನುವುದು ನನಗೆ ಗೊತ್ತು. ಅವಳ ತವರು ಚಿಕ್ಕಬಾಣಾವರ. ಇಲ್ಲಿಂದ ಹೆಬ್ಬಾಳ ದಾಟಿ, ಬಿಇಎಲ್ ಸರ್ಕಲ್, ಜಾಲಹಳ್ಳಿ ಕಡೆಯಿಂದ ಹೋದರೆ ಬಂದೇ ಬಿಡುತ್ತದೆ. ಆದರೆ ಮದುವೆಯಾಗಿ ಬಂದಾಗಿನಿಂದ ಅವಳು ಅಲ್ಲಿಗೆ ಹೋಗಬೇಕೆಂದರೆ ಯಾರಿಗಾದರೂ ಪುರುಸೊತ್ತಾಗಬೇಕು. "ಭಾನುವಾರ ನೋಡೋಣ" ಅಂತ ಭಾವ ಅಂದರೆ ಭಾನುವಾರ ಒಳ್ಳೆಯ ಸೀರೆ ಉಟ್ಟು ಕಾಯುವಳು. ಭಾವನಿಗೆ ಸೈಟಿನಿಂದ ಫೋನ್ ಬರುವುದು. ಸಂಜೆ ಅದೇ ಸೀರೆ ಮಡಿಸಿ ಬೀರುವಿನಲ್ಲಿಡುವಳು. ಬಸ್ಸಿಗೆ ಹೋಗುತ್ತೇನೆಂದರೆ, ಜನ ಏನಂದುಕೊಂಡಾರು ಅಂತ ಅತ್ತೆ ಮೂಗು ಮುರಿಯುವರು. ಅಂತೂ ಇಂತೂ ಹೋಗಿ ಇಳಿದರೆ, ಅವಳ ಅಮ್ಮ ಗೇಟಿನಲ್ಲಿ ನಿಂತು ಮಗಳ ಹೆಗಲಾಚೆ ಇಣುಕಿ ಮೊದಲು ಕೇಳುವುದು ಒಂದೇ ಮಾತು: "ಯಾರ್ ಕರ್ಕೊಂಡ್ ಬಂದ್ರು?"

"ಆ ಮಾತು ಕೇಳಿದ್ರೆ ಮೈ ಉರಿಯುತ್ತೆ ಕಣೇ ಮಂಜು," ಅಂದಿದ್ದಳು ಒಮ್ಮೆ. "ನಾನೇನ್ ಪಾರ್ಸಲ್ಲಾ?"

"ಹಂಗಾದ್ರೆ ಒಂದು ಚಿಕ್ಕ ಹೊಸ ಕಾರು ಕೊಡ್ಸಿ ಅಂತ ಭಾವನ್ನ ಕೇಳು. ಲೈಸೆನ್ಸ್ ಇದೆಯಲ್ಲ."

"ಅದೂ ಅವರು ಕೊಡಿಸಿದ್ದೇ ಆಗುತ್ತಲ್ಲೇ. ಇದು ನಂದು. ಒಂದ್ಸಲ ರಿಪೇರಿ ಆಗ್ಲಿ, ನೀನೂ ಸ್ಟೀರಿಂಗ್ ಹಿಡಿದು ನೋಡು. ರಸ್ತೇಲಿರೋ ಸಣ್ಣ ಕಲ್ಲೂ ಕೈಗೆ ಗೊತ್ತಾಗುತ್ತೆ."

ಅಲ್ಲಿಂದ ಶುರುವಾಯಿತು ನಮ್ಮ ಕರ್ಮ. ಕಾಂಪೌಂಡಿನ ತುಂಬ ಎಣ್ಣೆ ಕಲೆ, ಬಟ್ಟೆ ಒಣಗಿಸುವ ತಂತಿಯ ಮೇಲೆ ರಬ್ಬರ್ ಪೈಪು. ನಾನು ಹಪ್ಪಳದ ಹಿಟ್ಟು ಕಲೆಸುವ ಬೇಸಿನ್ನಿಗೆ ಕಪ್ಪು ಇಂಜಿನ್ ಆಯಿಲ್ ಬಸಿದಿದ್ದಳು ಮಹಾರಾಯ್ತಿ! ಎರಡು ದಿನ ನಾನು ಮಾತು ಬಿಟ್ಟೆ. ಅವಳಿಗೆ ಅದು ಗೊತ್ತಾಗಲೇ ಇಲ್ಲ, ಕಾರಿನಡಿಯಲ್ಲೇ ಇದ್ದಳು. ಭಾರ ಎತ್ತುವ ಕೆಲಸವನ್ನಷ್ಟೇ ಗ್ಯಾರೇಜಿಗೆ ಬಿಟ್ಟು ಮಿಕ್ಕದ್ದನ್ನು ಫೋನಿನಲ್ಲಿ ವಿಡಿಯೊ ನೋಡಿ, ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ ಕಲಿತಳು.

ಸಾಮಾನಿಗೆ ಆರ್.ಟಿ. ನಗರದ ತಾಹೆರಾ ಇದ್ದಳು. ಅಪ್ಪನ ಕಾಲದ ಅಂಗಡಿಯಲ್ಲಿ ಫಾರಿನ್ ಗಾಡಿಗಳ ಹಳೆಯ ಬಿಡಿಭಾಗ ಮಾರುವವಳು, ಬಾಯಿ ಬಲು ಜೋರು. ಇಂಜಿನ್ನಿನ ಬಿಸಿ ತಣಿಸುವ ನೀರಿನ ಡಬ್ಬಿ, ಪೈಪುಗಳೆಲ್ಲ ಪ್ಲಾಸ್ಟಿಕ್ಕಿನವು, ಇಪ್ಪತ್ತು ವರ್ಷದ ಮುದುಕ ಗಾಡಿಯಲ್ಲಿ ಅವು ಬಿರುಕು ಬಿಟ್ಟಿದ್ದವು. ಅವನ್ನು ಬದಲಿಸಿದ ಅಕ್ಕ ಖುಷಿಯಲ್ಲಿ ನಮ್ಮ ಬೋರಿನ ನೀರನ್ನೇ ತುಂಬಿಬಿಟ್ಟಳು. ವಿಷಯ ತಿಳಿದ ತಾಹೆರಾ ಹಣೆ ಚಚ್ಚಿಕೊಂಡಳು.

"ಅಕ್ಕಾ, ಇದು ಗಾಡಿನಾ, ಸ್ನಾನದ ಹಂಡೆನಾ? ಬೋರ್ ನೀರ್ ಹಾಕಿದ್ರೆ ಒಳಗೆಲ್ಲ ಸುಣ್ಣ ಕಟ್ಕೊಳ್ಳುತ್ತೆ. ಎಲ್ಲಾ ಚೆಲ್ಲಿ, ತೊಳೀರಿ, ಮೊದಲಿಂದ ಮಾಡಿ!"

ಮೊದಲಿನಿಂದ ಮಾಡಿದಳು. ಸಿಕ್ಕಿಕೊಂಡ ಗಾಳಿ ಹೊರಬರಲೆಂದು ಒಂದು ಪುಟ್ಟ ತಿರುಪು ಸಡಿಲಿಸಿ, ಅದಕ್ಕೆಂದೇ ಮಾರುವ ಕೂಲೆಂಟು ದ್ರವ ತಂದು ಹನಿಹನಿಯಾಗಿ ಹೊಯ್ಯುತ್ತ, ಗುಳ್ಳೆ ನಿಲ್ಲುವವರೆಗೂ ಕೂತಳು. ಒಂದು ಹೋಳಿಗೆ ಬೇಯುವಷ್ಟು ಹೊತ್ತು ಒಲೆಯ ಮುಂದೆ ನಿಲ್ಲದ ಹೆಂಗಸು! ಕಾರಿನ ಮೂತಿಯೊಳಗೆ, ರೇಡಿಯೇಟರಿನ ಎದುರಿಗೆ ಕರೆಂಟಿನ ಫ್ಯಾನೊಂದಿತ್ತು. ಅದು ಸುಟ್ಟುಹೋಗಿತ್ತು, ಅದನ್ನೂ ಬೇರೆ ಹಾಕಿದಳು. ಬಿಸಿ ಏರಿದರೆ ಅದು ಮಿಕ್ಸಿಯ ಹಾಗೆ ಕೂಗುತ್ತಿತ್ತು. ಆ ಕೂಗು ಕೇಳಿದರೆ ಅಕ್ಕನಿಗೆ ಏನೋ ಸಮಾಧಾನ.

ಬರೀ ರಿಪೇರಿಯಾದರೆ ಸಾಲದು, ತನ್ನ ಇಷ್ಟದಂತೆಯೂ ಇರಬೇಕು ಅಂದಳು. ಇಂಥ ಕಾರಿನ ಹುಚ್ಚಿರುವ ಹುಡುಗರ ವಾಟ್ಸಾಪ್ ಗುಂಪಿಗೆ ಸೇರಿಕೊಂಡಿದ್ದಳು. ಅವರೆಲ್ಲ ಕಾರನ್ನು ನೆಲಕ್ಕೆ ತಾಗುವ ಹಾಗೆ ತಗ್ಗಿಸುತ್ತಾರಂತೆ. ಇವಳು ಸ್ಪ್ರಿಂಗಿಗೆ ದಪ್ಪ ರಬ್ಬರ್ ಕೊಡಿಸಿ ಎತ್ತರಿಸಿದಳು. "ಅವರು ನಮ್ಮ ಬೀದಿ ಹಂಪ್ ನೋಡಿಲ್ಲ, ಬಿಡು" ಅಂದಳು. ಒಳಗೆ ಚಾವಣಿಯ ಬಟ್ಟೆ ಜೋತುಬಿದ್ದು ತಲೆಗೆ ತಾಗುತ್ತಿತ್ತು. ಅದನ್ನು ಕಿತ್ತು, ತನ್ನ ಕಡುನೀಲಿ ಕಾಟನ್ ಸೀರೆಯನ್ನು ಅಳತೆಗೆ ಹೊಲಿದು ಅಂಟಿಸಿದಳು. ಸಣ್ಣ ಕೆಂಪು ಅಂಚು ಸುತ್ತಲೂ ಬರುವ ಹಾಗೆ. ಗುಂಪಿನ ಹುಡುಗರು ಗೇಲಿ ಮಾಡಿದರಂತೆ. ನನಗೆ ಮಾತ್ರ ಕಣ್ಣು ತುಂಬಿಬಂತು, ಅಷ್ಟು ಚೆನ್ನಾಗಿತ್ತು. ಎಡಗಡೆಯ ಹಿಂದಿನ ಬಾಗಿಲೊಂದು ಒಳಗಿನಿಂದ ತೆಗೆಯಲು ಬರುತ್ತಿರಲಿಲ್ಲ. ಅದನ್ನು ಕೊನೆಗೆ ನೋಡೋಣ ಅಂತ ಬಿಟ್ಟಿದ್ದಳು.

ಇಷ್ಟೆಲ್ಲ ಆದರೂ ಗಾಡಿ ಒಮ್ಮೆ ಸ್ಟಾರ್ಟ್ ಆದರೆ ಇನ್ನೊಮ್ಮೆ ಮುನಿಸಿಕೊಳ್ಳುತ್ತಿತ್ತು. ಈ ವರ್ಷ ಪಿತೃಪಕ್ಷದಲ್ಲಿ ಊಟಕ್ಕೆ ಕೂತಾಗ ಭಾವ ಖಡಾಖಂಡಿತವಾಗಿ ಹೇಳಿಬಿಟ್ಟರು. "ಈ ಸಲ ತಳ್ಳೋಕೆ ಯಾರೂ ಬರಲ್ಲ. ತಾನಾಗೇ ನಿಂಬೆಹಣ್ಣು ತುಳಿದ್ರೆ ಇರ್ಲಿ. ಇಲ್ಲಾಂದ್ರೆ ಹಬ್ಬ ಆದ್ಮೇಲೆ ಗುಜರಿಯವನು ಬರ್ತಾನೆ. ನಂಗೆ ಜಾಗ ಬೇಕು."

ಅಕ್ಕ ಅನ್ನಕ್ಕೆ ಸಾರು ಬಡಿಸುತ್ತ, "ಬರೀ ನಿಂಬೆಹಣ್ಣು ಯಾಕೆ?" ಅಂದಳು. "ಅವತ್ತೇ ನಾನು ಓಡಿಸ್ಕೊಂಡು ಚಿಕ್ಕಬಾಣಾವರಕ್ಕೆ ಹೋಗ್ತೀನಿ. ದಾರೀಲಿ ಕೈ ಕೊಟ್ರೆ ಗುಜರಿಯವನಿಗೆ ನಾನೇ ಫೋನ್ ಮಾಡ್ತೀನಿ."

ಇಲ್ಲದ ಉಸಾಬರಿ ಯಾಕೆ ಬೇಕಿತ್ತು ಇವಳಿಗೆ!

ಆಯುಧಪೂಜೆಯ ಬೆಳಿಗ್ಗೆ ಅತ್ತೆ ಎಲ್ಲ ಗಾಡಿಗಳಿಗೂ ತಾವೇ ಹೂವು ಕಟ್ಟಿದರು. ಈ ಕಾರಿಗೆ ಚೆಂಡುಹೂವಿನ ದಪ್ಪ ಹಾರ ಹಾಕಿ, ಗಾಳಿಗೆ ಹಾರದಿರಲೆಂದು ಅದರ ಉದ್ದನೆಯ ತುದಿಯನ್ನು ನಂಬರ್ ಪ್ಲೇಟಿನ ಕೆಳಗಿನ ಜಾಲರಿಯೊಳಗೆ ಚೆನ್ನಾಗಿ ತುರುಕಿದರು. ಅಕ್ಕ ಕೀ ತಿರುಗಿಸಿದಳು. ಒಂದೇ ಸಲಕ್ಕೆ ಇಂಜಿನ್ ಎದ್ದಿತು. ಪಚಕ್, ಪಚಕ್. ಹಾಲಿನವನು ಸೀಟಿ ಹೊಡೆದ, ಬಾಡಿಗೆಯವರು ಚಪ್ಪಾಳೆ ತಟ್ಟಿದರು. ನಾನು ಸೌಟು ಹಿಡಿದುಕೊಂಡೇ ಹೊರಗೆ ಓಡಿಬಂದು ಖುಷಿಯಿಂದ ಕೂಗಿದೆ. ಭಾವ ಮಾತ್ರ "ಇನ್ನೂ ಚಿಕ್ಕಬಾಣಾವರ ಇದೆ" ಅಂದರು.

ಅತ್ತೆ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ನಂಬಿಕೆಯಿಲ್ಲದ ಭಾವ ನಮ್ಮ ಹಿಂದೆಯೇ ಬಿಳಿ ಗಾಡಿಯಲ್ಲಿ ಬಂದರು, ಅದನ್ನು ನನ್ನ ಗಂಡ ಓಡಿಸುತ್ತಿದ್ದರು. ಹೆಬ್ಬಾಳದ ಹತ್ತಿರ ಎಲ್ಲ ನಿಂತುಹೋಗಿತ್ತು. ಬಾಳೆಕಂದು ಕಟ್ಟಿಕೊಂಡ ಬಸ್ಸು, ಲಾರಿ, ಆಟೋಗಳ ನಡುವೆ ಇಂಚಿಂಚಾಗಿ ಸರಿಯುತ್ತಿದ್ದಾಗ ಅಕ್ಕ ಕತ್ತು ಚಾಚಿ ಬಿಸಿ ತೋರಿಸುವ ಮುಳ್ಳನ್ನು ನೋಡಿದಳು. ನಡುವೆ ಇರಬೇಕಾದ ಮುಳ್ಳು ಮೇಲಕ್ಕೆ ಹೊರಟಿತ್ತು.

"ಫ್ಯಾನ್ ಕೂಗ್ತಿಲ್ಲ," ಅಂದಳು. ತಕ್ಷಣ ಎ.ಸಿ. ಆರಿಸಿ, ಇಂಜಿನ್ನಿನ ಬಿಸಿ ಒಳಕ್ಕಾದರೂ ಬರಲೆಂದು ಹೀಟರನ್ನು ಪೂರ್ತಿ ತಿರುಗಿಸಿದಳು. ಮೈಯೆಲ್ಲ ಬೆವರು. "ಇದೇನಮ್ಮಿ, ನೀರೊಲೆ ಮುಂದೆ ಕೂರ್ಸಿದಂಗೆ!" ಅಂತ ಅತ್ತೆ ಸೆರಗಿನಿಂದ ಗಾಳಿ ಹಾಕಿಕೊಂಡರು. ಅಕ್ಕ ಗಾಡಿಯನ್ನು ಎಡಕ್ಕೆ ತಂದು, ನಿಲ್ಲಿಸಿ, ಇಂಜಿನ್ ಆರಿಸಿದಳು. ಮುಗಿಯಿತು ಅಂದುಕೊಂಡೆ ನಾನು. ನನಗೆ ಅಳುವೇ ಬಂತು.

ಭಾವ ನೀರಿನ ಬಾಟಲಿ ಹಿಡಿದು ಓಡಿಬಂದರು. ಅಕ್ಕ ಬಾನೆಟ್ ಎತ್ತುವುದೇ ತಡ, ನೀರಿನ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದರು. ಅಕ್ಕ ಅವರ ಮುಂಗೈಯನ್ನು ಗಪ್ಪನೆ ಹಿಡಿದಳು.

"ಮುಟ್ಬೇಡಿ ರೀ! ಮುಖ ಬೆಂದ್ಹೋಗುತ್ತೆ!"

ನಡುರಸ್ತೆಯಲ್ಲಿ ಭಾವನಿಗೆ ಯಾರೂ ಹಾಗೆ ಕೂಗಿದ್ದಿಲ್ಲ. ಅವರು ಕೈ ಹಿಂದೆಗೆದುಕೊಂಡು, ಕೆಂಪಾಗಿ, "ಆಯ್ತಲ್ಲ. ನಮ್ಮ ಗಾಡಿ ಹತ್ಕೊಳ್ಳಿ ಎಲ್ರೂ. ನೀನು ಗುಜರಿಯವನಿಗೆ ಫೋನ್ ಮಾಡು" ಅಂದರು.

ಅತ್ತೆ ಆಗಲೇ ಕೆಳಗಿಳಿದು ಎಲೆಅಡಿಕೆ ಚೀಲ ಕಂಕುಳಿಗೆ ಸೇರಿಸಿದ್ದರು. ಬಿಳಿ ಗಾಡಿಯ ಬಾಗಿಲು ತೆರೆದೇ ಇತ್ತು, ಒಳಗಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಅಕ್ಕ ಆ ಕಡೆ ತಿರುಗಿಯೂ ನೋಡಲಿಲ್ಲ.

"ಇದು ಕೈ ಕೊಟ್ಟಿಲ್ಲ. ಕೆಡೋ ಮೊದಲೇ ನಾನು ನಿಲ್ಸಿದ್ದೀನಿ. ಆರಲಿ, ನೋಡ್ತೀನಿ. ಹೋಗೋರು ಹೋಗ್ಬಹುದು."

ರೇಷ್ಮೆ ಸೀರೆಯಲ್ಲೇ ರಸ್ತೆಯಂಚಿನ ದೂಳಿನಲ್ಲಿ ಮಂಡಿಯೂರಿ, ಫೋನಿನ ಬೆಳಕು ಹಾಕಿ ಜಾಲರಿಯೊಳಗೆ ಇಣುಕಿದಳು. ಬಹಳ ಹೊತ್ತು ಇಣುಕಿದಳು. ಆಮೇಲೆ ಕೈ ಹಿಂದಕ್ಕೆ ಚಾಚಿ, "ಅತ್ತೆ, ನಿಮ್ಮ ಅಡಕತ್ತರಿ ಕೊಡಿ" ಅಂದಳು.

ಅತ್ತೆಯ ಹಾರದ ತುದಿಯನ್ನು ಫ್ಯಾನು ಒಳಕ್ಕೆ ಎಳೆದುಕೊಂಡಿತ್ತು. ದಾರ ರೆಕ್ಕೆಗಳಿಗೆ ಬಿಗಿಯಾಗಿ ಸುತ್ತಿ, ಫ್ಯಾನು ಅಲ್ಲಾಡದಂತೆ ನಿಂತುಬಿಟ್ಟಿತ್ತು. ಅಕ್ಕ ಅಡಕತ್ತರಿಯಿಂದ ದಾರವನ್ನು ತುಂಡು ತುಂಡು ಮಾಡಿ, ಜಜ್ಜಿಹೋದ ಚೆಂಡುಹೂವನ್ನು ಹಿಡಿಹಿಡಿಯಾಗಿ ಎಳೆದು ಹಾಕಿದಳು. ಬೆರಳು ತರಚಿ ರಕ್ತ ಬಂತು, ಸೆರಗಿಗೆ ಒರೆಸಿಕೊಂಡಳು. ಕೊನೆಗೆ ರೆಕ್ಕೆಯನ್ನು ಬೆರಳಿನಿಂದ ತಳ್ಳಿದಾಗ ಅದು ಸಲೀಸಾಗಿ ತಿರುಗಿತು.

"ಅಯ್ಯೋ, ಊವ ತುರುಕಿದ್ದು ನಾನೇ ಕಣಮ್ಮಿ," ಅಂದರು ಅತ್ತೆ. "ಇಂಗಾಯ್ತದೆ ಅಂತ ನಂಗೇನ್ ಗೊತ್ತು?"

ಇಂಜಿನ್ ಚೆನ್ನಾಗಿ ಆರಿದ ಮೇಲೆ ಡಬ್ಬಿಯ ನೀರಿನ ಮಟ್ಟ ನೋಡಿ, ಅಕ್ಕ ಕೀ ತಿರುಗಿಸಿದಳು. ಇಂಜಿನ್ ಎದ್ದಿತು. ನಾವೆಲ್ಲ ಬಾನೆಟ್ಟಿನ ಸುತ್ತ ಕಿವಿಗೊಟ್ಟು ನಿಂತೆವು, ಭಾವನೂ ಕೂಡ. ಸ್ವಲ್ಪ ಹೊತ್ತಿಗೆ ಮೂತಿಯೊಳಗಿಂದ ಮಿಕ್ಸಿ ಕೂಗಿತು. ಅಷ್ಟು ಚೆಂದದ ಸದ್ದನ್ನು ನಾನು ಕೇಳಿಯೇ ಇರಲಿಲ್ಲ.

ಅತ್ತೆ ಮತ್ತೆ ಮುಂದಿನ ಸೀಟಿಗೆ ಹೋಗಿ ಕೂತು, ಕಿಟಕಿಯಿಂದ ಮಗನಿಗೆ ಕೂಗಿದರು. "ಯಾಕ್ಲಾ ಅನಂತು, ಅಂಗೇ ನಿಂತ್ಕಂಡಿದ್ದೀಯ? ಇದ್ರಾಗೇ ಅತ್ಕೋ. ಅವ್ಳಮ್ಮನ ಮನೆಗೆ ಅಳಿಯ ಒಂದು ಗಾಡೀಲಿ, ಮಗಳು ಇನ್ನೊಂದು ಗಾಡೀಲಿ ಓದ್ರೆ ಏನ್ ಚೆಂದ?"

ಭಾವ ತಮ್ಮನಿಗೆ ಬಿಳಿ ಗಾಡಿ ಮನೆಗೆ ಒಯ್ಯಲು ಹೇಳಿ, ಎಡಗಡೆಯಿಂದ ಹಿಂದಿನ ಸೀಟಿಗೆ ಹತ್ತಿದರು. ನಾನು ಬಲಗಡೆಯ ಮೂಲೆಗೆ ಮುದುರಿಕೊಂಡೆ. ಭಾವ ಮಂಡಿ ಎದೆಗೆ ತಾಗುವಂತೆ ಕೂತರು. ಬಿಇಎಲ್ ಸರ್ಕಲ್ ಬಂದಾಗ ತಲೆಯೆತ್ತಿ ಚಾವಣಿಯನ್ನು ಮುಟ್ಟಿ ನೋಡಿದರು.

"ಇದು ಗೌರಿ ಹಬ್ಬಕ್ಕೆ ನಾನು ತಂದ್ಕೊಟ್ಟಿದ್ದ ಸೀರೆ ಅಲ್ವೇನೇ?"

"ಹೂಂ. ಉಟ್ಕೊಂಡು ಎಲ್ಲಿಗ್ ಹೋಗ್ಲಿ ಅಂತ ಹಂಗೇ ಇಟ್ಟಿದ್ದೆ," ಅಂದಳು ಅಕ್ಕ, ರಸ್ತೆ ನೋಡುತ್ತಲೇ. ಭಾವ ಕೈ ಕೆಳಗಿಳಿಸಿದರು.

ಚಿಕ್ಕಬಾಣಾವರದ ಓಣಿಗೆ ತಿರುಗಿದಾಗ ಅವಳ ಅಮ್ಮ ಗೇಟಿನಲ್ಲೇ ನಿಂತಿದ್ದರು. ಹಾರ ಹರಿದ, ಮೂತಿಗೆಲ್ಲ ಹಳದಿ ಎಸಳು ಮೆತ್ತಿಕೊಂಡ ಕಾರನ್ನು ಕಣ್ಣು ಕಿರಿದು ಮಾಡಿ ನೋಡಿದರು. ಅಕ್ಕ ಕಿಟಕಿಯ ಗಾಜಿಳಿಸಿದಳು. ಅಭ್ಯಾಸಬಲ, ಅವರು ಮಗಳ ಹೆಗಲಾಚೆಗೆ ಇಣುಕಿ ಕೇಳಿಯೇಬಿಟ್ಟರು.

"ಬಂದ್ಯಾ ತಾಯಿ? ಯಾರ್ ಕರ್ಕೊಂಡ್ ಬಂದ್ರು?"

ನಾನು ಅಕ್ಕನ ಮುಖ ನೋಡಿದೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸೀಟಿನಿಂದ ಉತ್ತರ ಬಂತು.

"ನಿಮ್ಮ ಮಗಳೇ, ಅತ್ತೆ. ನಮ್ಮನ್ನೆಲ್ಲ ಅವಳೇ ಕರ್ಕೊಂಡ್ ಬಂದ್ಲು," ಅಂದರು ಭಾವ, ಬಾಗಿಲಿನ ಹಿಡಿಯನ್ನು ಮತ್ತೆ ಮತ್ತೆ ಎಳೆಯುತ್ತ. "ಸ್ವಲ್ಪ ಈ ಬಾಗಿಲು ತೆಗೆಯೋಕೆ ಹೇಳಿ, ಒಳಗಿಂದ ಬರ್ತಿಲ್ಲ."

ಅಕ್ಕ ಮೊದಲು ಬಿಸಿಯ ಮುಳ್ಳನ್ನು ನೋಡಿದಳು. ಅದು ನಡುವಿನಲ್ಲೇ ಇತ್ತು. ಇಂಜಿನ್ ಆರಿಸಿ, ಸೆರಗು ಸರಿಮಾಡಿಕೊಂಡು ಇಳಿದು, ಆ ಕಡೆಗೆ ಸುತ್ತಿಕೊಂಡು ಹೋಗಿ ಗಂಡನಿಗೆ ಬಾಗಿಲು ತೆಗೆದಳು.