ನಂಜಪ್ಪನ ಮಫ್ಲರಿಗೆ ನಾನು ಕಟ್ಟಿದ ಕುಚ್ಚು

ರತ್ನಾ, ನೀನು ಮರೆತಿರಲಿಲ್ಲ. ಕುಚ್ಚು ಬೇಡ ಅಂತ ನನಗೆ ಹೇಳಿದ್ದೆ, ಒಂದಲ್ಲ ಎರಡು ಸಲ. ಹನ್ನೆರಡು ವರ್ಷದಿಂದ ನಿನ್ನ ತಲೆ ಮೇಲಿರುವ ತಪ್ಪು ನನ್ನದು. ಅವತ್ತು ನಿನ್ನ ಅತ್ತೆಯ ಮುಂದೆ ನಾನು ಆಡಿದ್ದು ಹಸಿ ಸುಳ್ಳು.

ಅಬ್ಬಾ, ಬರೆದೆ. ಇಷ್ಟಕ್ಕೆ ಬೆಳಗಿನಿಂದ ಮೂರು ಹಾಳೆ ಹರಿದು ಹಾಕಿದ್ದೇನೆ.

ನೀನಾಗ ತುಂಬಿದ ಬಸುರಿ. ಬಾಣಂತನಕ್ಕೆ ಹೂಡಿಗೆ, ತವರಿಗೆ ಹೊರಟಿದ್ದೆ. ಜಾಲಹಳ್ಳಿಯ ನಮ್ಮ ಕ್ವಾರ್ಟರ್ಸಿಗೆ ಬಂದು, ಗಂಡನಿಗೆ ಅಂತ ಹೆಣೆಯುತ್ತಾ ಇನ್ನೂ ಕಡ್ಡಿಯಲ್ಲೇ ಇದ್ದ ಕಂದು ಮಫ್ಲರನ್ನು ನನ್ನ ಮಡಿಲಿಗೆ ಹಾಕಿದೆ. "ಚಳಿ ಸುರುವಾಗೋದ್ರೊಳಗೆ ಮುಗಿಸ್ಕೊಡಕ್ಕ. ಕುಚ್ಚು ಮಾತ್ರ ಬ್ಯಾಡ, ಅವ್ರು ಲೇತ್ ಮಿಸನ್ ತಾವ ನಿಲ್ಲೋರು." ಗೇಟಿನ ತನಕ ಹೋದವಳು ತಿರುಗಿ ನಿಂತು ಮತ್ತೆ ಅಂದೆ— "ಕುಚ್ಚು ಬ್ಯಾಡ ಕಣಕ್ಕ." "ಆಯ್ತು ಹೋಗೇ, ನನಗೇನು ಕಿವಿ ಕೇಳಲ್ವಾ?" ಅಂತ ನಾನು ಗದರಿದೆ. ಕೇಳಿಸಿತ್ತು ರತ್ನಾ. ಚೆನ್ನಾಗೇ ಕೇಳಿಸಿತ್ತು.

ನಿನಗೆ ಹೆಣಿಗೆ ಕಲಿಸಿದವಳು ನಾನು. ಆದರೆ ನಿನ್ನ ಕೈ ನನ್ನದಕ್ಕಿಂತ ಚೆನ್ನಾಗಿತ್ತು— ಅದನ್ನೂ ಇವತ್ತೇ ಒಪ್ಪಿಕೊಂಡುಬಿಡುತ್ತೇನೆ. ಮಫ್ಲರಿನ ಕೊನೇ ಸಾಲು ನಾನು ಮುಚ್ಚಿದೆ. ದಾರದ ತುದಿಗಳನ್ನು ಸೂಜಿಯಿಂದ ಒಳಗೆ ಸೇರಿಸಿದೆ. ಉಗುರುಬೆಚ್ಚನೆ ನೀರಿನಲ್ಲಿ ಅದ್ದಿ, ಹಿಂಡದೆ ಟವೆಲಿನಲ್ಲಿ ಒತ್ತಿ, ಚಾಪೆ ಮೇಲೆ ಮಟ್ಟಸವಾಗಿ ಹರಡಿದೆ. ಒಣಗಿದ ಮೇಲೆ ನೋಡಿದರೆ ಎಲ್ಲ ನಿನ್ನದೇ, ನಾನು ಮುಟ್ಟಿದ ಗುರುತೇ ಇಲ್ಲ! ನಮ್ಮ ಬೀದಿಯಲ್ಲಿ ಯಾರು ಹೆಣೆದಿದ್ದರೂ ಕುಚ್ಚು ನೋಡಿ "ಇದು ಸರೋಜಮ್ಮನ ಕೈ" ಅನ್ನುತ್ತಿದ್ದರು. ನನ್ನ ಹೆಸರು ನಿಂತಿದ್ದೇ ಅದರಲ್ಲಿ. ಹೊಟ್ಟೆಕಿಚ್ಚೋ, ಜಂಬವೋ— ಯಾವುದಾದರೇನು. ಪೆಟ್ಟಿಗೆಯಿಂದ ನೈಲಾನ್ ಬೆರೆತ ದಾರ ತೆಗೆದು ಗೇಣುದ್ದದ ಕುಚ್ಚು ಕಟ್ಟಿದೆ. ಉಳಿದವರು ಒಂದು ಗಂಟು ಹಾಕಿದರೆ ನಾನು ಎರಡು ಹಾಕುವವಳು. ಜಗ್ಗಿ ನೋಡಿದೆ, ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ನನಗೆ ಖುಷಿಯಾಯಿತು.

ನಂಜಪ್ಪನಿಗೆ ನಾನೇ ಕೊಟ್ಟೆ. ಆತ ಕುಚ್ಚು ಸವರಿ, "ಇಷ್ಟುದ್ದ ಯಾಕಕ್ಕ? ರತ್ನ ಏನೂ ಹೇಳ್ನಿಲ್ವಾ?" ಅಂದ. "ಏನೂ ಹೇಳಿಲ್ಲ, ಹಾಕ್ಕೊಳಪ್ಪ, ಚೆನ್ನಾಗಿ ಕಾಣ್ಸುತ್ತೆ" ಅಂದೆ. ಮೊದಲ ಸುಳ್ಳು ಅದು.

ದಿನಾ ಬೆಳಿಗ್ಗೆ ಆತ ಪೀಣ್ಯದ ಷೆಡ್ಡಿಗೆ ಸೈಕಲ್ ತುಳಿದುಕೊಂಡು ಹೋಗುವಾಗ ಮಂಜಿನಲ್ಲಿ ಕುಚ್ಚು ಹಿಂದೆ ಹಾರುತ್ತಿತ್ತು. ಒಂದು ದಿನ ನನ್ನ ಕಣ್ಣೆದುರೇ ಅದು ಚಕ್ರಕ್ಕೆ ಸಿಕ್ಕಿಕೊಂಡಿತು. ಕಾಲೂರಿ ಬಿಡಿಸಿಕೊಂಡ, ಕತ್ತು ಸವರಿಕೊಂಡ, ನನ್ನ ಕಡೆ ನೋಡಿ ನಕ್ಕು ಹೊರಟುಹೋದ. ಸಂಜೆ ಕರೆದು ಕತ್ತರಿಸಿಕೊಡೋಣ ಅಂದುಕೊಂಡೆ. ಆ ಸಂಜೆಯೇ ಇಬ್ಬರು ಹೆಂಗಸರು, ನಂಜಪ್ಪನ ಮಫ್ಲರಿನ ಥರದ್ದೇ ಕುಚ್ಚು ಬೇಕು ಅಂತ ದಾರ ಹಿಡಿದುಕೊಂಡು ಬಂದರು. ನಾನು ಕತ್ತರಿ ಮುಟ್ಟಲಿಲ್ಲ. ಕೆಲಸದ ಹೊತ್ತಿಗೆ ತೆಗೆದಿಡುತ್ತಾನೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನೀನು ಹೆಣೆದದ್ದು ಅಂತ ಆತ ಅದನ್ನು ತೆಗೆಯುತ್ತಲೇ ಇರಲಿಲ್ಲವಂತೆ.

ಅದಾಗಿ ನಾಲ್ಕನೇ ದಿನ, ಗಿರಗಿರ ತಿರುಗುತ್ತಿದ್ದ ಲೇತ್ ಮೇಲೆ ಬಗ್ಗಿದಾಗ ಕುಚ್ಚು ಅದಕ್ಕೆ ಸುತ್ತಿಕೊಂಡಿತು. ಒಂಟಿ ಗಂಟಾಗಿದ್ದರೆ, ಬರೀ ಉಲ್ಲನ್ ಆಗಿದ್ದರೆ ಕಿತ್ತು ಬರುತ್ತಿತ್ತೇನೋ. ಕತ್ತು ಬಿಡಿಸಿಕೊಳ್ಳಲು ಆತ ಬಲಗೈ ಹಾಕಿದ. ಕತ್ತು ಉಳಿಯಿತು. ಕೈ—

ನೀನು ಹಸಿ ಬಾಣಂತಿ, ತಲೆಗೆ ಬಟ್ಟೆ ಕಟ್ಟಿಕೊಂಡೇ ಓಡಿ ಬಂದೆ. ನಿಮ್ಮ ಅಂಗಳದಲ್ಲಿ ಅರ್ಧ ಬೀದಿ ಸೇರಿತ್ತು. ನಿನ್ನ ಅತ್ತೆ ಕೂಗುತ್ತಿದ್ದಳು— "ಒಂದು ಮಾತು ಹೇಳ್ನಿಲ್ವಲ್ಲೇ, ಗಂಡನ ಕೈಯ ತಿಂದ್ಕೊಂಡ್ಯಲ್ಲೇ!" ನೀನು ಮಗುವನ್ನು ಎದೆಗೊತ್ತಿಕೊಂಡು ನನ್ನ ಹತ್ತಿರ ಬಂದೆ. "ಅಕ್ಕ, ನಾನು ಬ್ಯಾಡ ಅಂದಿದ್ದೆ ಅಲ್ವಾ? ನೀನೇ ಹೇಳಕ್ಕ."

ಎಲ್ಲರೂ ನನ್ನ ಮುಖ ನೋಡಿದರು.

"ಇಲ್ಲ ಕಣೇ ರತ್ನಾ. ನೀನು ಹೇಳಲೇ ಇಲ್ಲ."

ನೀನು ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಬಾಯಿ ಬಿಡುತ್ತಿದ್ದೆನೋ ಏನೋ— ಇಲ್ಲ, ಅದೂ ನೆಪ. ನೀನು ಮೆಲ್ಲಗೆ, "ಅಂಗಾದ್ರೆ ನಾನೇ ಮರ್ತಿರ್ಬೇಕು" ಅಂದೆ. ನಿನ್ನ ಮೇಲೆ ನಿನಗಿದ್ದ ನಂಬಿಕೆಗಿಂತ ನನ್ನ ಮೇಲಿದ್ದದ್ದೇ ಹೆಚ್ಚಾಯಿತು. ಅವತ್ತಿನಿಂದ ನೀನು ಹೆಣಿಗೆ ಕಡ್ಡಿ ಹಿಡಿಯಲಿಲ್ಲ. ನಂಜಪ್ಪ ನಿನ್ನನ್ನು ಒಂದು ಮಾತೂ ಅಂದವನಲ್ಲ. ಆದರೂ ಆತನ ತಟ್ಟೆಗೆ ಅನ್ನ ಕಲೆಸಿಕೊಡುವಾಗ ನೀನು ತಲೆ ಎತ್ತುವುದನ್ನು ನಾನು ಕಾಣೆ.

ಹೋದ ತಿಂಗಳು ನಿನ್ನ ಅತ್ತೆಯ ಕೊನೇ ಗಳಿಗೆಯಲ್ಲಿ ನೀನು ಬಾಯಿಗೆ ನೀರು ಹಿಡಿದೆ. ಆಕೆ ಮುಖ ಆಚೆ ತಿರುಗಿಸಿ, "ಸರೋಜಮ್ಮ, ನೀನು ಬಿಡವ್ವಾ" ಅಂದಳು. ನೀನು ಚಮಚ ನನ್ನ ಕೈಗೆ ಕೊಟ್ಟು ಗೋಡೆಗೆ ಒರಗಿದೆ. ನಾನು ನೀರು ಬಿಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು! ಆ ಮುದುಕಿಗೆ ಇನ್ನು ನಿಜ ತಲುಪುವುದಿಲ್ಲ.

ಎದುರಿಗೆ ಬಂದೇ ಹೇಳಬೇಕಿತ್ತು. ಅದಾದ ಮೇಲೆ ಮೂರು ಸಲ ಬಂದೆ. ನೀನು ಕಾಫಿ ಕೊಟ್ಟೆ, ಕುಡಿದು ಎದ್ದು ಬಂದೆ. ಅದಕ್ಕೇ ಈ ಕಾಗದ. ನಂಜಪ್ಪನನ್ನು ಕೂರಿಸಿಕೊಂಡು, ಮಗಳ ಕೈಲಿ ಗಟ್ಟಿಯಾಗಿ ಓದಿಸು. ಕ್ಷಮಿಸು ಅಂತ ಬರೆಯುವುದಿಲ್ಲ, ಕೇಳುವ ಮುಖ ನನಗಿಲ್ಲ. ಓದಿ ಮುಗಿದ ಮೇಲೆ ನನ್ನನ್ನು ಅಕ್ಕ ಅನ್ನಬೇಡ.