ಹಿಂದಿನ ಬಾಗಿಲಿಗೆ ಮುಹೂರ್ತ

ಸಣ್ಣ ದೇಶವೊಂದು ತನಗಿಂತ ಎಷ್ಟೋ ಪಟ್ಟು ದೊಡ್ಡದಾದ ಮಿತ್ರನ ಜೊತೆ ಹೇಗೆ ಬಾಳುತ್ತದೆ ಎನ್ನುವ ಪಾಠವನ್ನು ನಾನು ಶೇಷಾದ್ರಿಪುರಂನ ಕಾಲೇಜೊಂದರಲ್ಲಿ ವರ್ಷಗಟ್ಟಲೆ ಮಾಡಿದೆ. ಬಿ.ಎ. ತರಗತಿ, ರಾಜ್ಯಶಾಸ್ತ್ರ, ಊಟ ಮುಗಿಸಿ ಬಂದು ತೂಕಡಿಸುವ ಮಕ್ಕಳು. ಭೂತಾನ್, ನೇಪಾಳ, ಒಪ್ಪಂದ, ಸಾಗಣೆಯ ಹಕ್ಕು. ನಾನು ಹೇಳುವುದು, ಅವರು ಬರೆದುಕೊಳ್ಳುವುದು. ಯಾರಾದರೂ ತಲೆ ಎತ್ತಿ ಇದು ಪರೀಕ್ಷೆಗೆ ಬರುತ್ತದಾ ಎಂದು ಕೇಳಿದರೆ, ಒಬ್ಬರಾದರೂ ಎಚ್ಚರವಾಗಿದ್ದಾರಲ್ಲ ಎಂದು ಸಮಾಧಾನವಾಗುತ್ತಿತ್ತು. ನಿಜ ಹೇಳಬೇಕೆಂದರೆ ಆ ಪಾಠ ನನಗೆ ಪುಸ್ತಕದಿಂದ ಬಂದದ್ದಲ್ಲ. ಮಲ್ಲೇಶ್ವರದ ನಮ್ಮ ಮನೆಯಲ್ಲೇ ಕಲಿತದ್ದು.

ನಮ್ಮ ಮನೆ ಎಂದರೆ ಮುಂದಿನ ಭಾಗವೆಲ್ಲ ದೊಡ್ಡಪ್ಪನದು, ಹಿಂದಿನ ಎರಡು ಕೋಣೆ ಮತ್ತು ಅಡುಗೆಮನೆ ನಮ್ಮದು. ಅಪ್ಪ ತೀರಿಕೊಂಡಾಗ ನಾನು ಹೈಸ್ಕೂಲಿನಲ್ಲಿದ್ದೆ. ಕರ್ಮಾಂತರವೆಲ್ಲ ಮುಗಿದ ಮೇಲೆ ದೊಡ್ಡಪ್ಪ ಅಮ್ಮನನ್ನು ಕರೆದು, ನೀವು ಎಲ್ಲಿಗೂ ಹೋಗಬೇಕಾಗಿಲ್ಲ, ಒಳಗಿನದನ್ನು ನೀನು ನೋಡಿಕೋ, ಹೊರಗಿನ ವ್ಯವಹಾರ ನನಗಿರಲಿ ಎಂದರು. ಹಾಗೆಯೇ ನೋಡಿಕೊಂಡರು ಕೂಡ. ನನ್ನ ಫೀಸು, ಅಮ್ಮನ ಕಣ್ಣಿನ ಆಪರೇಷನ್ನು, ರೇಷನ್ ಕಾರ್ಡು, ಯಾವುದಕ್ಕೂ ನಾವು ಬಾಯಿ ಬಿಟ್ಟು ಕೇಳುವಂತೆ ಮಾಡಲಿಲ್ಲ. ಅವರು ಕೆಟ್ಟವರಾಗಿದ್ದರೆ ಎಷ್ಟು ಸುಲಭವಾಗಿರುತ್ತಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಒಂದು ಸಲ ಚೆನ್ನಾಗಿ ಜಗಳವಾಡಿ ಮುಗಿಸಬಹುದಿತ್ತು. ಒಳ್ಳೆಯವರ ಜೊತೆ ಜಗಳವಾಡುವಷ್ಟು ಸುಸ್ತಿನ ಕೆಲಸ ಇನ್ನೊಂದಿಲ್ಲ.

ಭೂತಾನಿನ ಹಳೆಯ ಒಪ್ಪಂದದಲ್ಲಿ ಇಂಥದ್ದೇ ಮಾತಿತ್ತು. ಆ ದೇಶದ ಒಳಾಡಳಿತದಲ್ಲಿ ಭಾರತ ಕೈ ಹಾಕುವುದಿಲ್ಲ, ಹೊರಗಿನ ಸಂಬಂಧಗಳಲ್ಲಿ ಮಾತ್ರ ಅದು ಭಾರತದ ಸಲಹೆಯಂತೆ ನಡೆಯುತ್ತದೆ. ತರಗತಿಯಲ್ಲಿ ಅದನ್ನು ಹೇಳುವಾಗ ನನ್ನ ಕಣ್ಣ ಮುಂದೆ ಹಿಮಾಲಯ ಬರುತ್ತಿರಲಿಲ್ಲ. ಅಮ್ಮ ಹುಳಿ ಮಾಡಿದಳೋ ಸಾರು ಮಾಡಿದಳೋ ದೊಡ್ಡಪ್ಪ ಕೇಳಿದವರಲ್ಲ. ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎನ್ನುವುದು ಮಾತ್ರ ಅವರ ಇಲಾಖೆ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೆ ಉತ್ತರ ಹೇಳಿ ಕಳಿಸಿದವರೂ ಅವರೇ. ಆ ಕಥೆ ಈಗ ಬೇಡ.

ಅಮ್ಮ ಸಂಗೀತ ಹೇಳಿಕೊಡುತ್ತಿದ್ದಳು. ಬೆಳಿಗ್ಗೆ ಒಂದಷ್ಟು ಮಕ್ಕಳು, ಸಂಜೆ ಒಂದಷ್ಟು. ಮೊದಲು ಅವರೆಲ್ಲ ಮನೆಯ ಪಕ್ಕದ ಓಣಿಯಿಂದ ನೇರವಾಗಿ ನಮ್ಮ ಕಡೆಗೆ ಬರುತ್ತಿದ್ದರು. ತೊಂಬತ್ತರ ದಶಕದ ಮೊದಲಲ್ಲಿ ದೊಡ್ಡಪ್ಪನ ಮಗ ಕಾರು ಕೊಂಡ. ಕಾರಿಗೆ ಶೆಡ್ಡು ಬೇಕಾಯಿತು, ಓಣಿ ಮುಚ್ಚಿತು. ಅಮ್ಮ ಮೆಲ್ಲಗೆ ವಿಚಾರಿಸಿದ್ದಕ್ಕೆ ದೊಡ್ಡಪ್ಪನಿಗೆ ನಿಜಕ್ಕೂ ಆಶ್ಚರ್ಯವಾಯಿತು.

"ಎಲ್ಲ ಒಂದೇ ಮನೆ ಅಲ್ವೇನಮ್ಮ? ನಿಮಗೆ ಬೇರೆ ದಾರಿ ಯಾಕೆ? ನಮ್ಮ ಹಾಲಲ್ಲೇ ಬಂದು ಹೋಗ್ಲಿ."

ಅದಕ್ಕೆ ಕೆಲವೇ ವರ್ಷಗಳ ಹಿಂದೆ ಭಾರತ ನೇಪಾಳಕ್ಕೆ ಹೋಗುವ ಹೆಚ್ಚಿನ ದಾರಿಗಳನ್ನು ಮುಚ್ಚಿತ್ತು. ಸೀಮೆಎಣ್ಣೆಗೆ ಅಲ್ಲಿನ ಜನ ಸಾಲುಗಟ್ಟಿ ನಿಂತದ್ದನ್ನು ನಾನು ಮಕ್ಕಳಿಗೆ ವಿವರಿಸುತ್ತಿದ್ದೆ. ಸುತ್ತ ನೆಲವೇ ಇರುವ ದೇಶಕ್ಕೆ ಪಕ್ಕದವನ ಅಂಗಳವೇ ಸಮುದ್ರ ಎಂದು ಹೇಳಿ, ಬರೆದುಕೊಳ್ಳಿ ಎನ್ನುತ್ತಿದ್ದೆ. ಮನೆಗೆ ಬಂದು ದೊಡ್ಡಪ್ಪನ ಹಾಲನ್ನು ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದೆ.

ಮಕ್ಕಳು ಹಾಲಿನಿಂದ ಬರತೊಡಗಿದರು. ಯಾರ ಮಗಳು, ಎಲ್ಲಿ ಮನೆ, ಅಪ್ಪನಿಗೆ ಏನು ಕೆಲಸ ಎಂದು ದೊಡ್ಡಪ್ಪ ಪ್ರೀತಿಯಿಂದಲೇ ಕೇಳುತ್ತಿದ್ದರು. ಹೆಚ್ಚಿನವರಿಗೆ ತೊಂದರೆಯಾಗಲಿಲ್ಲ. ಆದದ್ದು ಶ್ರೀರಾಂಪುರದ ಒಬ್ಬ ಹುಡುಗಿಗೆ. ಅಮ್ಮ ವಾರಕ್ಕೊಮ್ಮೆ ಪ್ರಾರ್ಥನೆ ಹೇಳಿಕೊಡಲು ಹೋಗುತ್ತಿದ್ದ ಶಾಲೆಯಲ್ಲಿ ಅವಳು ಸಿಕ್ಕಿದ್ದಳು. ಅವಳಪ್ಪ ಗಿರಣಿ ಕೆಲಸ ಕಳೆದುಕೊಂಡಿದ್ದ, ಅವಳಮ್ಮ ಹೂ ಮಾರುತ್ತಿದ್ದಳು. ಅವಳ ಗಂಟಲು ಕೇಳಿ ಬಂದ ದಿನ ಅಮ್ಮ ಊಟಕ್ಕೆ ಕೂತವಳು ಊಟ ಮಾಡಲಿಲ್ಲ. ಇಷ್ಟು ವರ್ಷ ಪಾಠ ಹೇಳಿದ್ದಕ್ಕೆ ದೇವರು ಒಂದು ಧ್ವನಿ ಕಳಿಸಿದ್ದಾನೆ, ಇವಳೊಬ್ಬಳಿಗೆ ನನ್ನದನ್ನೆಲ್ಲ ಕೊಟ್ಟರೆ ಸಾಕು ಎಂದಳು. ಅಮ್ಮ ತನಗಾಗಿ ಏನನ್ನಾದರೂ ಬಯಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಹುಡುಗಿ ರೈಲು ಹಳಿ ದಾಟಿ ನಡೆದು ಬರುತ್ತಿದ್ದಳು. ಹಾಲಿನ ಪಕ್ಕದಲ್ಲೇ ದೊಡ್ಡಪ್ಪನ ದೇವರ ಮನೆ. ಅವಳು ಇಂಥ ಜಾತಿ ಎಂದು ತಿಳಿದ ಮೇಲೂ ದೊಡ್ಡಪ್ಪ ಒಂದು ಕೆಟ್ಟ ಮಾತು ಆಡಲಿಲ್ಲ. ಪೂಜೆ ನಡೀತಿದೆ ಮಗು, ಸ್ವಲ್ಪ ಹೊರಗೆ ಕೂತ್ಕೋ ಎನ್ನುತ್ತಿದ್ದರು, ಅಷ್ಟೆ. ಪೂಜೆ ಮಾತ್ರ ದಿನದಿಂದ ದಿನಕ್ಕೆ ಬೆಳೆಯಿತು. ಮುಗಿದ ಮೇಲೆ ಅವಳಿಗೆ ಬಾಳೆಹಣ್ಣು ಕೊಡುತ್ತಿದ್ದರು. ಅಷ್ಟು ಹೊತ್ತಿಗೆ ಶಾಲೆಗೆ ಸಮಯವಾಗಿ, ಹುಡುಗಿ ಹಣ್ಣು ಹಿಡಿದುಕೊಂಡು ಜಗಲಿಯಿಂದಲೇ ವಾಪಸು ಹೋಗುತ್ತಿದ್ದಳು. ಒಳಗೆ ಅಮ್ಮ ಶ್ರುತಿಪೆಟ್ಟಿಗೆ ಮುಂದಿಟ್ಟುಕೊಂಡು ಕಾಯುತ್ತಿದ್ದಳು.

ಆಗ ಅಮ್ಮನಿಗೆ ಹಿಂದಿನ ಗೋಡೆ ಕಾಣಿಸಿತು. ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಸಂದಿ ಇರುತ್ತದೆ. ಒಂದು ಕಾಲದಲ್ಲಿ ಕಕ್ಕಸು ಬಳಿಯುವವರು ಬರಲೆಂದು ಬಿಟ್ಟ ದಾರಿ ಅದು. ಆ ಕಡೆಗೊಂದು ಬಾಗಿಲು ಇಡಿಸಿದರೆ ಹುಡುಗಿ ಯಾರನ್ನೂ ಕೇಳದೆ ಬರಬಹುದು. ಅವಳನ್ನು ಆ ಸಂದಿಯಿಂದ ಕರೆಸಿಕೊಳ್ಳುವುದು ಯಾವ ಸೀಮೆಯ ಮರ್ಯಾದೆ ಎಂದು ನಾನು ರೇಗಿದೆ.

"ಸಂದಿ ಆದ್ರೇನೇ? ಬಾಗಿಲು ನಂದು. ನಾನೇ ನಿಂತು ಒಳಗೆ ಕರೀತೀನಿ," ಎಂದಳು ಅಮ್ಮ.

ಆದರೆ ಬಾಗಿಲೆಂದ ಮೇಲೆ ಮುಹೂರ್ತ ಬೇಕು. ನಮ್ಮ ಮನೆಯಲ್ಲಿ ಪಂಚಾಂಗ ನೋಡುವವರು ದೊಡ್ಡಪ್ಪ ಒಬ್ಬರೇ. ನಾಮಕರಣವಿರಲಿ, ಬೋರ್‌ವೆಲ್ ಇರಲಿ, ದಿನ ಇಟ್ಟುಕೊಡುವುದು ಹಿರಿಯರ ಕೆಲಸ. ಅಮ್ಮ ಸೆರಗು ಹೊದ್ದು ಹೋಗಿ, ಬಾಗಿಲಿಗೆ ಒಂದು ಒಳ್ಳೆಯ ದಿನ ನೋಡಿಕೊಡಿ ಭಾವ ಎಂದು ಕೇಳಿದಳು. ಯಾವ ಬಾಗಿಲು ಅವರಿಗೆ ಬೇಡವೋ ಅದಕ್ಕೆ ಅವರ ಕೈಯಿಂದಲೇ ಮುಹೂರ್ತ ಇಡಿಸಲು ಹೊರಟವಳು ಅಮ್ಮನೊಬ್ಬಳೇ ಇರಬೇಕು. ದೊಡ್ಡಪ್ಪ ಬೇಡ ಎನ್ನಲಿಲ್ಲ. ಧಾರಾಳವಾಗಿ ಮಾಡಿಸೋಣ, ಈಗ ಆಷಾಢ ಎಂದರು. ಆಷಾಢ ಕಳೆದ ಮೇಲೆ ಹೋದರೆ, ಇನ್ನೇನು ಪಿತೃಪಕ್ಷ ಬಂತು ಎಂದರು. ಆಮೇಲೆ ಧನುರ್ಮಾಸ. ಒಂದು ವರ್ಷ ಅಧಿಕ ಮಾಸ, ಇನ್ನೊಂದು ವರ್ಷ ಶುಕ್ರ ಅಸ್ತ. ಅಷ್ಟರಲ್ಲಿ ಊರಿಗೆಲ್ಲ ವಾಸ್ತುವಿನ ಹುಚ್ಚು ಹಿಡಿದಿತ್ತು. ಹಿಂದಿನ ಗೋಡೆ ದಕ್ಷಿಣಕ್ಕಿದೆ, ದಕ್ಷಿಣದ ಬಾಗಿಲು ಮನೆಯ ಗಂಡಸರಿಗೆ ಆಗಿಬರುವುದಿಲ್ಲ ಎಂದರು. ಮನೆಯ ಗಂಡಸರೆಂದರೆ ಅವರು ಮತ್ತು ಅವರ ಮಗ. ಅಮ್ಮ ಅದಕ್ಕೂ ತಲೆಯಾಡಿಸಿ ಬಂದಳು.

ನನಗೆ ಆಗಲೇ ಸಂಬಳ ಬರುತ್ತಿತ್ತು. ನಾಳೆಯೇ ಗಾರೆಯವನನ್ನು ಕರೆಸಿ ಗೋಡೆ ಒಡೆಸುತ್ತೇನೆ, ಇಲ್ಲವೇ ಬೇರೆ ಮನೆ ಮಾಡೋಣ ಎಂದು ಎಷ್ಟು ಸಲ ಹೇಳಿದೆನೋ. ಅಮ್ಮ ಒಪ್ಪಲಿಲ್ಲ.

"ನಿಮ್ಮಪ್ಪ ಹೋದಾಗ ಕೈ ಹಿಡಿದೋರು ಅವರು. ಅವರಾಗೇ ಕೊಟ್ರೆ ನಮ್ದು ಕಣೇ. ನಾವು ಒಡೆದ್ರೆ ಅದು ಬರೀ ತೂತು."

ನಾನು ತರಗತಿಗೆ ಹೋಗಿ, ಸಣ್ಣ ದೇಶ ತನ್ನ ಮಿತ್ರನ ಮುಖ ಉಳಿಸುವುದರಲ್ಲೇ ಅರ್ಧ ಆಯಸ್ಸು ಕಳೆಯುತ್ತದೆ ಎಂದು ಹೇಳಿದೆ. ಇದು ಸಿಲಬಸ್ಸಿನಲ್ಲಿ ಇದೆಯಾ ಮೇಡಂ ಎಂದು ಮುಂದಿನ ಬೆಂಚಿನ ಹುಡುಗ ಕೇಳಿದ. ಇಲ್ಲ, ಹೊಡೆದುಹಾಕು ಎಂದೆ.

ಹುಡುಗಿ ಬಹಳ ದಿನ ಬಂದು ಜಗಲಿಯಲ್ಲಿ ಕೂತಳು. ಆಮೇಲೆ ವಾರಕ್ಕೆರಡು ಸಲ ಬಂದಳು, ಆಮೇಲೆ ಹಬ್ಬಕ್ಕೆ ಹೂ ಕೊಡಲು ಮಾತ್ರ ಬಂದಳು. ಒಳಗೆ ಬರಲು ಸಿಕ್ಕ ದಿನಗಳ ಪಾಠದಲ್ಲಿ ಜಂಟಿವರಸೆ ಮುಗಿದು ಅಲಂಕಾರ ಶುರುವಾಗಿತ್ತು, ಅಲ್ಲಿಗೇ ನಿಂತಿತು. ಹತ್ತನೇ ಕ್ಲಾಸು ಮುಗಿಸಿ ಗಾರ್ಮೆಂಟ್ಸಿಗೆ ಸೇರಿದಳು ಎಂದು ಅವಳಮ್ಮ ಹೇಳಿದಳು. ಅಮ್ಮ ಬೇರೆ ಮಕ್ಕಳಿಗೆ ಪಾಠ ಹೇಳುತ್ತಲೇ ಇದ್ದಳು, ಆದರೆ ಯಾರ ಮೇಲೂ ಸಿಟ್ಟಾಗುತ್ತಿರಲಿಲ್ಲ. ಅಪಸ್ವರ ಬಂದರೂ ಹೂಂ ಎನ್ನುತ್ತಿದ್ದಳು. ಕೆಲವು ವರ್ಷಗಳಲ್ಲಿ ಆ ಮಕ್ಕಳೂ ಕಂಪ್ಯೂಟರ್ ಕ್ಲಾಸು, ಟ್ಯೂಷನ್ನು ಎಂದು ಕಡಿಮೆಯಾದರು. ಅಮ್ಮ ಮಾತ್ರ ಯುಗಾದಿ ಬಂದಾಗಲೆಲ್ಲ ಹೊಸ ಪಂಚಾಂಗ ಹಿಡಿದು ಹೋಗಿ ದಿನ ಕೇಳಿ ಬರುತ್ತಿದ್ದಳು. ನನಗೆ ಅವಳನ್ನು ತಡೆಯುವ ಶಕ್ತಿಯೂ ಉಳಿದಿರಲಿಲ್ಲ.

ಎರಡು ಸಾವಿರದ ಏಳರಲ್ಲಿ ಭೂತಾನಿನ ಒಪ್ಪಂದವನ್ನು ಹೊಸದಾಗಿ ಬರೆದರು. ಸಲಹೆಯಂತೆ ನಡೆಯಬೇಕು ಎನ್ನುವ ಮಾತು ಬಿಟ್ಟುಹೋಯಿತು. ನಾನು ಪತ್ರಿಕೆ ಹಿಡಿದುಕೊಂಡು ಅಮ್ಮನಿಗೆ ಓದಿ ಹೇಳಿದೆ. ಪಾಪ, ಎಷ್ಟು ವರ್ಷ ಕೇಳಿದ್ದರೋ ಎಂದಳು. ಅದೇ ವರ್ಷ ದೊಡ್ಡಪ್ಪನ ಮಗ ಮುಂದಿನ ಹಾಲನ್ನು ಕೊರಿಯರ್ ಆಫೀಸಿಗೆ ಬಾಡಿಗೆಗೆ ಕೊಡಲು ಹೊರಟ. ಮಧ್ಯದಲ್ಲಿ ನಾವು ಓಡಾಡಿದರೆ ಆಫೀಸಿನವರು ಒಪ್ಪುವುದಿಲ್ಲವಂತೆ. ದಕ್ಷಿಣದ ಬಾಗಿಲಿಗೆ ಪರಿಹಾರ ಸಿಕ್ಕಿತು, ಮುಹೂರ್ತ ಅದೇ ವಾರದಲ್ಲಿ ಸಿಕ್ಕಿತು, ಗಾರೆಯವನೂ ಸಿಕ್ಕಿದ. ದೊಡ್ಡಪ್ಪ ತಾವೇ ಹೊಸ್ತಿಲಿಗೆ ಕಾಯಿ ಒಡೆದು, ಬಂದ ನೆಂಟರ ಮುಂದೆ, ಮೊದಲಿನಿಂದಲೂ ನನಗೂ ಇದೇ ಆಸೆ ಎಂದರು. ಸುಳ್ಳು ಹೇಳುತ್ತಿದ್ದೇನೆ ಎನ್ನುವ ಅಳುಕು ಅವರ ಮುಖದಲ್ಲಿ ಇರಲಿಲ್ಲ. ಅಮ್ಮ ಅವರ ಕಾಲಿಗೆ ನಮಸ್ಕಾರ ಮಾಡಿದಳು. ಎರಡೂ ಕಡೆಯವರು ಸಂತೋಷ ವ್ಯಕ್ತಪಡಿಸಿದರು ಎಂದು ಪತ್ರಿಕೆಯಲ್ಲಿ ಬರೆಯುತ್ತಾರಲ್ಲ, ಹಾಗೆ ಕಾರ್ಯಕ್ರಮ ಮುಗಿಯಿತು.

ಅಮ್ಮ ಹುಡುಗಿಗೆ ಅವಳಮ್ಮನ ಕೈಯಲ್ಲಿ ಹೇಳಿ ಕಳಿಸಿದಳು. ಆ ಭಾನುವಾರ ಬೆಳಿಗ್ಗೆ ಶ್ರುತಿಪೆಟ್ಟಿಗೆ ಒರೆಸಿಟ್ಟು, ಸಂದಿಯ ಬಾಗಿಲಲ್ಲಿ ನಿಂತು ಕಾದಳು. ಹುಡುಗಿ ಮುಂದಿನ ಗೇಟಿನಿಂದ ಬಂದಳು. ಅವಳಿಗೆ ಗೊತ್ತಿದ್ದದ್ದು ಅದೊಂದೇ ದಾರಿ. ಆಫೀಸು ಇನ್ನೂ ಶುರುವಾಗಿರಲಿಲ್ಲ, ದೇವರ ಮನೆ ಮಹಡಿಗೆ ಹೋಗಿತ್ತು. ಕುರ್ಚಿಯಲ್ಲಿದ್ದ ದೊಡ್ಡಪ್ಪ, ಒಳಗಿದಾರೆ ಹೋಗಮ್ಮ ಎಂದು ಕೈ ತೋರಿಸಿದರಂತೆ.

ಅವಳ ಸೊಂಟದ ಮೇಲೆ ಮಗುವಿತ್ತು. ಮುಖ ಸಣ್ಣದಾಗಿತ್ತು, ಮಾತಾಡಿದರೆ ಗಂಟಲು ಕರಕರ ಎನ್ನುತ್ತಿತ್ತು. ಬಟ್ಟೆಯ ಧೂಳಿಗೆ ಹೀಗಾಗಿದೆ, ಡಾಕ್ಟರು ಜೋರಾಗಿ ಮಾತಾಡಬೇಡ ಎಂದಿದ್ದಾರೆ ಎಂದಳು. ಅಮ್ಮ ಅವಳಿಗೆ ಬಾಗಿಲು ತೋರಿಸಿದಳು. ಇದು ನಿನಗೋಸ್ಕರ ಮಾಡಿಸಿದ್ದು, ಇಷ್ಟು ವರ್ಷ ಹಿಡಿಯಿತು ಎಂದಳು. ಹುಡುಗಿ ಬಾಗಿಲನ್ನೂ ಅಮ್ಮನನ್ನೂ ನೋಡಿದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ.

"ಆಗ ಒಂದ್ಮಾತು ಹೇಳಿದ್ರೆ ಸಂದೀಲೇ ನಿಂತ್ಕೊಂಡು ಹಾಡ್ತಿದ್ದೆ ಮಿಸ್. ಗೋಡೆ ಈಚೆಗೆ ನಿಮಗೆ ಕೇಳ್ತಿತ್ತಲ್ವಾ?"

ಅಮ್ಮ ಒಳಗೆ ಹೋಗಿ ಕಾಫಿ ತಂದಳು. ಹುಡುಗಿ ಕಾಫಿ ಕುಡಿದಳು, ಅಮ್ಮ ಮಗುವಿನ ಕೈಗೆ ಬಿಸ್ಕತ್ತು ಕೊಟ್ಟಳು. ಹೊರಡುವಾಗ ಅಮ್ಮ ಅವಳ ಭುಜ ಹಿಡಿದು ಹೊಸ ಬಾಗಿಲ ಕಡೆಗೆ ನಡೆಸಿಕೊಂಡು ಹೋಗಿ, ಚಿಲಕ ತಾನೇ ತೆಗೆದಳು. ಆ ಬಾಗಿಲಿನಿಂದ ಹೊರಗೆ ಹೋದ ಶಿಷ್ಯೆ ಅವಳೊಬ್ಬಳೇ. ಪಾಠಕ್ಕೆಂದು ಒಳಗೆ ಬಂದವರು ಯಾರೂ ಇಲ್ಲ.