ಊರಿಗೊಂದೇ ಪಾಸ್‌ವರ್ಡ್

ಚನ್ನಗಿರಿಯ ತಾಲ್ಲೂಕು ಕಚೇರಿಯಿಂದ ನಾಲ್ಕು ಹೆಜ್ಜೆ ದಾಟಿದರೆ ನನ್ನ ಆನ್‌ಲೈನ್ ಸೆಂಟರ್. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಎರಡು ಪ್ಲಾಸ್ಟಿಕ್ ಕುರ್ಚಿ. ಜನರ ಅರ್ಜಿ ತುಂಬಿಕೊಡುವುದು ನನ್ನ ಕೆಲಸ. ಅದರಲ್ಲಿ ಮುಕ್ಕಾಲು ಪಾಲು ಕಾಯುವುದೇ. ಪರದೆಯ ಮೇಲೆ ಆ ಸಣ್ಣ ಚಕ್ರ ತಿರುಗಲು ಶುರುವಾಯಿತೆಂದರೆ ನಾನೂ ಎಲ್ಲಿಗೋ ಹೋಗಿಬಿಡುತ್ತೇನೆ. ಬಾಗಿಲಿಗೆ ಕಟ್ಟಿದ ನೀಲಿ ತಾಡಪಾಲಿನಿಂದ ಸೋಸಿ ಬರುವ ಬಿಸಿಲು ಗೋಡೆ, ಕಾಗದ, ನನ್ನ ಕೈ ಎಲ್ಲವನ್ನೂ ನೀಲಿ ಮಾಡುತ್ತದೆ. ಮಂಡಿಯ ಕಡೆಯಿಂದ ಅಡಿಕೆಯ ವಾಸನೆ ತೇಲಿ ಬರುತ್ತದೆ. ಎದುರು ಕೂತವರು ಏನೋ ಹೇಳುತ್ತಿರುತ್ತಾರೆ, ನಾನು ಹೂಂಗುಟ್ಟುತ್ತಿರುತ್ತೇನೆ. ಅರೆನಿದ್ದೆಯಂಥ ಆ ಹೊತ್ತು ನನಗೆ ಬಹಳ ಇಷ್ಟ. ನನ್ನ ತಪ್ಪು ಹುಟ್ಟಿದ್ದೂ ಅಂಥದೇ ಒಂದು ಹೊತ್ತಿನಲ್ಲಿ.

ಪಾಸ್‌ವರ್ಡ್ ಎಂಬುದು ತಮ್ಮ ವಸ್ತು ಎಂದು ನಮ್ಮ ಕಡೆಯ ಜನ ತಿಳಿಯುವುದೇ ಇಲ್ಲ. ಅರ್ಜಿ ಹಾಕಿಸಿ ಹೋದವರು ಎರಡು ತಿಂಗಳು ಬಿಟ್ಟು ಬಂದು, ನೀವೇ ಹಾಕಿದ್ದಲ್ಲ, ನಿಮಗೇ ಗೊತ್ತಿರುತ್ತದೆ ಬಿಡಿ ಎಂದು ಕುರ್ಚಿ ಎಳೆದುಕೊಳ್ಳುತ್ತಾರೆ. ಮೊದಲು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಒಮ್ಮೆ ಅದರ ಮೇಲೆ ಚಹಾ ಚೆಲ್ಲಿ ಅರ್ಧ ತಾಲ್ಲೂಕು ಅಳಿಸಿಹೋಯಿತು. ಆಮೇಲೆ ನಾನೊಂದು ಉಪಾಯ ಹುಡುಕಿದೆ. ಕೆರೆಬಿಳಚಿಯವರಿಗೆಲ್ಲ ಕೆರೆಬಿಳಚಿ, ನಲ್ಲೂರಿನವರಿಗೆಲ್ಲ ನಲ್ಲೂರು, ಮುಂದೆ ಒಂದು ಎರಡು ಮೂರು. ಊರ ಹೆಸರು ಹೇಳಿದರೆ ಸಾಕು, ಯಾರ ಅರ್ಜಿಯಾದರೂ ತೆರೆಯುತ್ತಿತ್ತು. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ. ಸಾಲದ್ದಕ್ಕೆ, ಸಿಮ್ ಬದಲಾಯಿಸುವವರೇ ಹೆಚ್ಚೆಂದು ಮೊಬೈಲ್ ನಂಬರಿನ ಜಾಗದಲ್ಲಿ ನನ್ನದನ್ನೇ ಹಾಕುತ್ತಿದ್ದೆ. ಎಲ್ಲರ ಒಟಿಪಿಯೂ ನನಗೇ ಬರುತ್ತಿತ್ತು, ಫೋನ್ ಮಾಡಿ ಕೇಳಿದವರಿಗೆ ಓದಿ ಹೇಳುತ್ತಿದ್ದೆ. ಓದುವಾಗ ಕಣ್ಣು ಆ ಆರು ಅಂಕಿಗಳ ಮೇಲಷ್ಟೇ. ಅದರ ಹಿಂದೆ ಮುಂದೆ ಏನು ಬರೆದಿದೆ ಎಂದು ನೋಡುವ ಕಷ್ಟ ತೆಗೆದುಕೊಂಡವಳೇ ಅಲ್ಲ.

ಆ ವರ್ಷ ನರ್ಸಿಂಗ್ ಸೀಟಿಗೆ ಅರ್ಜಿ ಹಾಕುವ ಕಾಲದಲ್ಲಿ ನಲ್ಲೂರಿನಿಂದ ಹಾಸಿಗೆ ಹೊಲಿಯುವ ಸಾಹೇಬರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಅವರ ಹುಬ್ಬಿನಲ್ಲಿ ಹತ್ತಿಯ ಎಳೆಗಳು ಅಂಟಿದ್ದವು. ಫ್ಯಾನಿನ ಗಾಳಿಗೆ ಒಂದು ಎಳೆ ಬಿಟ್ಟುಕೊಂಡು ಆ ನೀಲಿ ಬೆಳಕಿನಲ್ಲಿ ತೇಲುತ್ತ ಹೋದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮಗಳಿಗೆ ನರ್ಸ್ ಆಗಬೇಕೆಂಬುದೊಂದೇ ಆಸೆ. ಅಪ್ಪನದೂ ಒಂದೇ ಷರತ್ತು: ದಾವಣಗೆರೆಯಲ್ಲಿ ಸಿಕ್ಕಿದರೆ ಸರಿ, ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಮನೆ ಸೇರಬೇಕು, ಅದಕ್ಕಿಂತ ದೂರವಾದರೆ ಬೇಡ. ಅಷ್ಟಕ್ಕೆ ಒಪ್ಪಿಸುವುದರಲ್ಲೇ ಆಕೆಗೆ ಒಂದು ವರ್ಷ ಕಳೆದಿತ್ತಂತೆ. ದಾವಣಗೆರೆಯ ಕಾಲೇಜುಗಳನ್ನಷ್ಟೇ ಆಯ್ಕೆಯ ಪಟ್ಟಿಯಲ್ಲಿ ಹಾಕಿದೆ. ಅವರಾದ ಮೇಲೆ ಅದೇ ಊರಿನ ಇನ್ನೊಬ್ಬ ಹುಡುಗಿ ಬಂದು ಕೂತಳು, ಆಕೆಯ ಅರ್ಜಿಯನ್ನೂ ತುಂಬಿದೆ. ಎರಡು ಅರ್ಜಿಗಳ ನಂಬರಿನಲ್ಲಿ ಕೊನೆಯ ಅಂಕಿಯೊಂದೇ ಬೇರೆ. ಪಾಸ್‌ವರ್ಡ್ ಅಂತೂ ಬೇರೆ ಇರಲೇ ಇಲ್ಲ.

ಆಯ್ಕೆ ಬದಲಿಸಲು ಕೊನೆಯ ದಿನ. ಮಧ್ಯಾಹ್ನ ಆ ಎರಡನೆಯ ಹುಡುಗಿ ಊರಿನಿಂದ ಫೋನ್ ಮಾಡಿದಳು. ತನಗೆ ಮಂಗಳೂರಿನ ಕಾಲೇಜುಗಳೇ ಬೇಕೆನಿಸಿದೆ, ಮೊಬೈಲಿನಲ್ಲೇ ಬದಲಿಸುತ್ತಿದ್ದೇನೆ, ಒಟಿಪಿ ಬಂತಾ ಎಂದು ಕೇಳಿದಳು. ಕರೆಂಟು ಹೋಗಿತ್ತು. ನಾನು ಸೆಕೆಗೆ ಗೋಡೆಗೊರಗಿ ತೂಕಡಿಸುತ್ತ, ಕೆರೆಯ ನೀರಿನಲ್ಲಿ ಕಾಲು ಬಿಟ್ಟು ಕೂತಂಥ ಏನೋ ಕನಸಿನಲ್ಲಿದ್ದೆ. ಬಂದ ಅಂಕಿಗಳನ್ನು ಓದಿ ಹೇಳಿದೆ, ಫೋನ್ ಮಡಿಲಲ್ಲಿಟ್ಟು ಮತ್ತೆ ಕಣ್ಣು ಮುಚ್ಚಿದೆ.

ಸೀಟು ಹಂಚಿಕೆಯ ದಿನ ಅಪ್ಪ ಮಗಳು ಬೆಳಿಗ್ಗೆಯೇ ಬಂದು ಕೂತಿದ್ದರು. ಆಕೆಗೆ ಮಂಗಳೂರು ಬಂದಿತ್ತು. ಅವರು ಬಯಸಿರದ, ನಾನು ಹಾಕಿಯೇ ಇರದ ಊರು. ಹುಡುಗಿ ಪರದೆಯನ್ನು ಎರಡು ಸಲ ಓದಿದಳು. ಆಮೇಲೆ ಇಬ್ಬರೂ ನನ್ನ ಮುಖ ನೋಡಿದರು.

ಇಂಥ ಹೊತ್ತಿಗೆಂದೇ ನಮ್ಮ ಕಸುಬಿನವರ ಹತ್ತಿರ ಒಂದು ಮಾತು ತಯಾರಿರುತ್ತದೆ: ಸರ್ವರ್ ಪ್ರಾಬ್ಲಂ. ಅಷ್ಟು ಹೇಳಿದರೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಅದು ನನ್ನ ನಾಲಿಗೆಯ ತುದಿಗೂ ಬಂತು. ಆದರೆ ಕೈ ಅಷ್ಟರಲ್ಲೇ ಫೋನಿನ ಹಳೆಯ ಮೆಸೇಜುಗಳನ್ನು ಹುಡುಕುತ್ತಿತ್ತು. ಕೊನೆಯ ದಿನದ ಒಟಿಪಿ ಸಿಕ್ಕಿತು. ಅದರಲ್ಲಿ ಅರ್ಜಿಯ ನಂಬರೂ ಇತ್ತು, ಈ ಹುಡುಗಿಯದು. ಆ ಇನ್ನೊಬ್ಬಳು ಒಂದು ಅಂಕಿ ತಪ್ಪಿ ಒತ್ತಿದ್ದಳು. ಪಾಸ್‌ವರ್ಡ್ ಒಂದೇ ಆದ್ದರಿಂದ ಈಕೆಯ ಅರ್ಜಿಯೇ ತೆರೆದುಕೊಂಡಿತ್ತು, ಮೇಲೆ ಸಣ್ಣಕ್ಷರದಲ್ಲಿದ್ದ ಹೆಸರನ್ನು ಆಕೆ ನೋಡಿರಲಿಲ್ಲ. ಆಕೆಯ ಸ್ವಂತ ಅರ್ಜಿ ತೆರೆದು ನೋಡಿದರೆ ಅದು ಹಾಗೇ ಉಳಿದು, ಮೊದಲು ಹಾಕಿದ್ದ ಶಿವಮೊಗ್ಗವೇ ಆಕೆಗೆ ಸಿಕ್ಕಿತ್ತು. ಯಾರಿಗೂ ತಿಳಿಸಬೇಡಿ ಎಂದು ಮೆಸೇಜಿನಲ್ಲೇ ಬರೆದಿದ್ದ ಅಂಕಿಗಳನ್ನು ನಿದ್ದೆಗಣ್ಣಲ್ಲಿ ಓದಿ ಹೇಳಿದವಳು ನಾನು.

"ಸಾಹೇಬ್ರೆ, ಇದು ಸರ್ವರಿಂದಲ್ಲ, ನನ್ನಿಂದ ಆಗಿದ್ದು" ಎಂದು ಎಲ್ಲ ಹೇಳಿದೆ. ಅವರು ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತಾಡುತ್ತಿದ್ದೆನೇನೋ, ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಅವರು ಬೈಯಲಿಲ್ಲ. ಮೆಲ್ಲಗೆ ಹೇಳಿದರು.

"ನನಗೆ ಓದಾಕೆ ಬರಲ್ಲಮ್ಮ. ನಿಮಗೆ ಬರ್ತೈತೆ ಅಂತ ಮಗಳನ್ನ ತಂದು ನಿಮ್ಮ ಮುಂದೆ ಕೂರಿಸಿದ್ದೆ."

ಎರಡನೇ ಸುತ್ತಿಗೆ ಹಾಕಿದೆವು. ಅಷ್ಟರಲ್ಲಿ ದಾವಣಗೆರೆಯ ಸೀಟುಗಳೆಲ್ಲ ತುಂಬಿಹೋಗಿದ್ದವು. ಹುಡುಗಿ ಅಲ್ಲೇ ಸಾದಾ ಬಿ.ಎಸ್ಸಿ.ಗೆ ಸೇರಿಕೊಂಡಳು. ಬಸ್ಸು ಅದೇ, ಊರೂ ಅದೇ, ಓದು ಮಾತ್ರ ಆಕೆ ಬಯಸಿದ್ದಲ್ಲ. ಈ ಸಂಕಟ ನನ್ನನ್ನು ಇನ್ನೂ ಬಿಟ್ಟಿಲ್ಲ.

ಆ ಮಳೆಗಾಲವೆಲ್ಲ ಊರೂರಿಗೆ ಫೋನ್ ಮಾಡಿ ಒಬ್ಬೊಬ್ಬರನ್ನೇ ಕರೆಸಿದೆ. ನನ್ನ ನಂಬರು ತೆಗೆದು ಅವರವರದೇ ಹಾಕಿಸಿದೆ. ಪಾಸ್‌ವರ್ಡನ್ನು ಅವರ ಕೈಯಿಂದಲೇ ಬರೆಸಿದೆ, ಮೆಸೇಜು ಬಂದರೆ ಅಂಕಿಗಿಂತ ಮೊದಲು ಅಕ್ಷರ ಓದಿ ಎಂದು ಗದರಿದೆ. ಇಷ್ಟು ದಿನ ಇಲ್ಲದ ಮಡಿ ಈಗೇಕೆ ಎಂದು ಸಿಡುಕಿದವರೇ ಹೆಚ್ಚು. ಕೆಲವರು ಪಕ್ಕದ ಅಂಗಡಿಗೆ ಹೋದರು, ಹೋಗಲಿ. ನಲ್ಲೂರಿನವರು ಬಂದಾಗ ಮಾತ್ರ ನನ್ನ ದನಿ ತಾನಾಗಿಯೇ ಇಳಿಯುತ್ತಿತ್ತು.

ಈ ವರ್ಷ ಸಾಹೇಬರ ಮಗಳು ಸ್ಕಾಲರ್‌ಶಿಪ್ ಅರ್ಜಿಗೆಂದು ಒಬ್ಬಳೇ ಬಂದಳು. ಮತ್ತೆ ನನ್ನ ಹತ್ತಿರ ಬರುತ್ತಾಳೆಂದು ನಾನು ಎಣಿಸಿರಲಿಲ್ಲ. ಕುರ್ಚಿ ಬಿಟ್ಟುಕೊಟ್ಟೆ. ಎಲ್ಲವನ್ನೂ ತಾನೇ ತುಂಬಿದಳು. ಪಾಸ್‌ವರ್ಡಿನ ಜಾಗ ಬಂದಾಗ ಬೆರಳು ನಿಲ್ಲಿಸಿ ನನ್ನ ಕಡೆ ನೋಡಿದಳು.

"ಅಕ್ಕಾ, ಸ್ವಲ್ಪ ಆ ಕಡೆ ತಿರುಗ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಬೀದಿಯ ಕಡೆ ತಿರುಗಿ ನಿಂತೆ. ನಾಚಿಕೆಯಾಯಿತು, ಸಮಾಧಾನವೂ ಆಯಿತು, ಎರಡೂ ಸೇರಿ ಕಣ್ಣು ತುಂಬಿಕೊಂಡವು. ಹಿಂದಿನಿಂದ ಕೀಲಿಗಳ ಸದ್ದು ಬರುತ್ತಲೇ ಇತ್ತು, ಬಹಳ ಹೊತ್ತಾದರೂ ನಿಲ್ಲಲಿಲ್ಲ. ಉದ್ದದ್ದೇ ಇಟ್ಟುಕೊಂಡಿದ್ದಳು, ಪುಣ್ಯಾತ್ಗಿತ್ತಿ.